ದಾರಿಗೆ ಮುಖ ಮಾಡಿದ ಬಾಗಿಲು

ಹಾ ಫೊಕಾ, ಮೊಖೊತ್ಲೊಂಗ್
6 ಮೇ 1984

ಅಪ್ಪಾ,

ಬಂದು ಮುಟ್ಟಿದೆವು. ಲಾರಿ ಕೆಳಗಿನ ಅಂಗಡಿಯವರೆಗೆ ಮಾತ್ರ ಬಂತು. ಅಲ್ಲಿಂದ ಮೇಲಕ್ಕೆ ಸಾಮಾನೆಲ್ಲ ಕತ್ತೆಗಳ ಮೇಲೆ, ಅವ್ವ ಬಾಡಿಗೆ ಕುದುರೆಯ ಮೇಲೆ, ನಾನು ಕುದುರೆಯ ಬಾಲದ ಹಿಂದೆ. ಬಸುರಿಯನ್ನು ಕುದುರೆ ಹತ್ತಿಸಬಾರದೆಂದು ಅಂಗಡಿಯವನು ಹೇಳಿದ. ಹಾಗಾದರೆ ನೀನೇ ಹೊತ್ತುಕೊಂಡು ಹೋಗು ಎಂದು ಅವ್ವ ಹೇಳಿದ ಮೇಲೆ ಅವನೇ ಲಗಾಮು ಹಿಡಿದು ಹತ್ತಿಸಿದ.

ಮನೆ ನೀವು ಮೇಸ್ತ್ರಿಗೆ ಬರೆದು ಕೊಟ್ಟಂತೆಯೇ ಇದೆ. ಸಿಮೆಂಟು ಇಟ್ಟಿಗೆಯ ಗೋಡೆ, ತಗಡಿನ ಮಾಡು, ಊರಿನ ಕಡೆಗೆ ಒಂದು ಕಿಟಕಿ, ಅದಕ್ಕೆ ಕಬ್ಬಿಣದ ಸರಳು. ಊರಿನ ಉಳಿದ ಮನೆಗಳೆಲ್ಲ ದುಂಡಗಿನ ಕಲ್ಲುಮನೆಗಳು, ಹುಲ್ಲು ಹೊದಿಸಿದವು. ಅವುಗಳ ಬಾಗಿಲೆಲ್ಲ ಬಿಸಿಲು ಹುಟ್ಟುವ ಕಡೆಗೆ. ನಮ್ಮದೊಂದೇ ದಕ್ಷಿಣಕ್ಕೆ, ಕಣಿವೆಯಿಂದ ಹತ್ತಿ ಬರುವ ದಾರಿಯ ಕಡೆಗೆ. ಅದೂ ಹೊರಕ್ಕೆ ತೆರೆಯುವ ಬಾಗಿಲು. ಮೊದಲ ದಿನವೇ ಜನ ನೋಡಲು ಬಂದರು. ಪಕ್ಕದ ಮಾಥುಸೊ ಅಜ್ಜಿ ಸುತ್ತಲೂ ಒಂದು ಸುತ್ತು ಬಂದು, "ಏನವ್ವಾ, ಗಾಳೀನ ಒಳಕ್ಕೆ ಕರ್ದು ಕೂರ್ಸೋಕೆ ಇಟ್ಟಿದ್ದೀರಾ ಇದನ್ನ?" ಎಂದು ಕೇಳಿದಳು. ಕುರಿ ಸಾಕಿರುವ ಮೊಹಾಪಿ ಮಾವ ಎಂಬುವರು ಕಿಟಕಿಯ ಸರಳುಗಳನ್ನು ಅಲ್ಲಾಡಿಸಿ ನೋಡಿದರು. "ಇಲ್ಲಿ ಕಳ್ರು ಕುರಿ ಕದೀತಾರೆ. ನಿಮ್ಮ ಪಾತ್ರೆ ತಗೊಂಡು ಏನ್ ಮಾಡ್ತಾರೆ?" ಎಂದರು. ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಪಾತ್ರೆಗಳನ್ನು ಜೋಡಿಸಿದೆ.

ಇಲ್ಲಿ ಮರಗಳೇ ಇಲ್ಲ. ಅದರಿಂದ ಯಾರ ಮನೆಯ ಮೇಲೆ ಮಾರಾಟದ ಬಾವುಟ ಏರಿದರೂ ಎಲ್ಲರಿಗೂ ಕಾಣುತ್ತದೆ. ಅಜ್ಜಿ ಹೆಂಡ ಮಾಡಿದ ದಿನ ಬಿಳಿ, ಮೊಹಾಪಿ ಮಾವ ಕುರಿ ಕಡಿದ ದಿನ ಕೆಂಪು. ಕಂಡದ್ದೇ ತಡ, ಊರಿಗೆ ಊರೇ ಪಾತ್ರೆ ಹಿಡಿದು ಹೊರಡುತ್ತದೆ. ನಮ್ಮ ಹಳೆಯ ಊರು ಮಫೆತೆಂಗಿನಲ್ಲಿ ಬಾವುಟ ಕಂಡರೂ ಯೋಚಿಸಿ ಹೋಗುತ್ತಿದ್ದೆವು. ಇಲ್ಲಿ ಯೋಚಿಸಿದವರಿಗೆ ಮೂಳೆ ಮಾತ್ರ ಸಿಗುತ್ತದೆಯಂತೆ.

ಅವ್ವ ಚೆನ್ನಾಗಿದ್ದಾಳೆ. ಹೊರಡುವ ದಿನ ಹಳೆಯ ಮನೆಯ ಹಿತ್ತಲಿಗೆ ಹೋಗಿ, ನನ್ನ ನಂತರ ಹುಟ್ಟಿ ಹೋದ ಆ ಇಬ್ಬರ ಪುಟ್ಟ ಗೋರಿಗಳ ಸುತ್ತ ಗುಡಿಸಿ ಬಂದಳು. ಲಾರಿಯಲ್ಲಿ ಕೂತ ಮೇಲೆ, "ಅದು ಅಲ್ಲೇ ಉಳೀತಲ್ವಾ?" ಎಂದು ಕೇಳಿದಳು. ಆ ಇಬ್ಬರನ್ನೂ ಒಯ್ದ ಸಾವಿನ ಮಾತು ಅದು ಎಂದು ಗೊತ್ತಾಯಿತು. ಹೌದು ಎಂದೆ.

ಪದವಿ ಸಿಕ್ಕಾಗ ನೀವು ಕೊಟ್ಟ ಮಸಿ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಶಾಲೆಯ ಕೆಲಸ ಸಿಗುವವರೆಗೆ ಇದಕ್ಕೆ ಇದೇ ಕೆಲಸ.

ನಿಮ್ಮ ಮಗಳು
ಸೆಯಿಪಾತಿ


ಗಣಿ ವಸತಿ, ವೆಲ್ಕಂ
27 ಮೇ

ಮಗಳೇ ಸೆಯಿಪಾತಿ,

ಕಾಗದ ಸೇರಿತು. ಅಷ್ಟು ವರ್ಷ ಸಾಹಿತ್ಯ ಓದಿದವಳು ಬರೆದ ಕಾಗದದಲ್ಲಿ ಮನೆ ಕಾಣುತ್ತದೆ, ಕತ್ತೆ ಕಾಣುತ್ತದೆ, ನೀನು ಮಾತ್ರ ಕಾಣುವುದಿಲ್ಲ. ಬಚ್ಚಿಟ್ಟುಕೊಳ್ಳುವವಳು ಎಂದು ನಿನಗೆ ಹೆಸರಿಟ್ಟ ನನ್ನ ತಂಗಿಗೆ ಆವತ್ತೇ ಗೊತ್ತಿತ್ತು. ಊರವರ ಜೊತೆ ಮಾತಾಡು. ಆ ಅಜ್ಜಿಯ ಮನೆಗೆ ಹೋಗಿ ಕೂರು. ಹೊಸ ಊರಿನಲ್ಲಿ ನೆರೆಮನೆಯೇ ಗೋಡೆ.

ಬಾಗಿಲಿನ ವಿಷಯ. ನಗುವವರು ನಗಲಿ. ನೆಲದಡಿ ಕೆಲಸ ಮಾಡುವವನಿಗೆ ಮುಂದೆ ಏನು ಬರುತ್ತಿದೆ ಎಂದು ಯಾವತ್ತೂ ಕಾಣುವುದಿಲ್ಲ. ಮನೆಯಲ್ಲಾದರೂ ಕಾಣಲಿ ಎಂದು ಹಾಗೆ ಇಡಿಸಿದೆ. ನಾನು ಕಣಿವೆಯ ತಿರುವು ದಾಟಿದಾಗ ನನಗೆ ನನ್ನ ಬಾಗಿಲು ಕಾಣಬೇಕು, ನಿಮಗೆ ನಾನು ಕಾಣಬೇಕು. ಹೊರಕ್ಕೆ ತೆರೆಯುವಂತೆ ಮಾಡಿಸಿದ್ದೂ ಬೇಕೆಂದೇ. ಇಲ್ಲಿ ನಮಗೆ ಕಲಿಸಿದ ಮೊದಲ ಪಾಠ ಅದು. ಗಾಬರಿಯಲ್ಲಿ ಓಡುವವರು ಬಾಗಿಲನ್ನು ನೂಕುತ್ತಾರೆಯೇ ಹೊರತು ಎಳೆಯುವುದಿಲ್ಲ. ಒಳಕ್ಕೆ ತೆರೆಯುವ ಬಾಗಿಲ ಹಿಂದೆ ಜನ ಸತ್ತದ್ದನ್ನು ನಾನು ನೋಡಿದ್ದೇನೆ.

ಈ ಸಲ ಕೋಲೋ ನೀರೋ ಎಂದು ವಸತಿಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ನೀನು ಹುಟ್ಟಿದಾಗ ನಾನು ಅಂಗಳದಲ್ಲಿ ಕೂತು ಕುದುರೆಯ ಜೀನು ಹೊಲಿಯುತ್ತಿದ್ದೆ. ನನ್ನ ಅತ್ತಿಗೆಯರು ಹೆಣ್ಣು ಎಂದು ಬಾಯಲ್ಲಿ ಹೇಳುತ್ತಾರೆಯೇ? ಹಿಂದಿನಿಂದ ಬಂದು ಒಂದು ಕೊಡ ನೀರು ತಲೆಗೆ ಸುರಿದರು. ಚಳಿಗಾಲ. ಗಂಡಾಗಿದ್ದರೆ ಬೆನ್ನಿಗೆ ಕೋಲಿನೇಟು. ಮಗ ಹುಟ್ಟಿದಾಗ ನನ್ನ ಅಣ್ಣನಿಗೆ ಬಿದ್ದ ಏಟಿಗೆ ಅವನು ವಾರ ಬೋರಲು ಮಲಗಿದ್ದ.

ಆಮೇಲಿನ ಇಬ್ಬರ ಸಲ ನಾನು ಇಲ್ಲೇ ಇದ್ದೆ. ಕೋಲೂ ಇಲ್ಲ, ನೀರೂ ಇಲ್ಲ, ಕಾಗದ ಬಂತು. ಹುಟ್ಟಿದ ಸುದ್ದಿ, ಹೋದ ಸುದ್ದಿ, ಎರಡೂ ಒಂದೇ ಕಾಗದದಲ್ಲಿ. ಎರಡು ಸಲವೂ.

ನಿನ್ನ ಅವ್ವನನ್ನು ದಿನ ತುಂಬುವ ಮೊದಲೇ ಆಸ್ಪತ್ರೆಗೆ ಸೇರಿಸು.

ನಿನ್ನ ಅಪ್ಪ
ಮೊಲೆಫಿ


ಹಾ ಫೊಕಾ
1 ಜುಲೈ

ಅಪ್ಪಾ,

ಅಜ್ಜಿಯ ಮನೆಗೆ ಹೋಗಿ ಕೂತೆ. ಒಂದಲ್ಲ, ಬಹಳ ಸಲ. ನಿಮ್ಮ ಕಾಗದದ ಬಾಗಿಲಿನ ಭಾಗವನ್ನು ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ನಶ್ಯ ಏರಿಸಿಕೊಂಡು, "ನಿಮ್ಮಪ್ಪ ಬರೋದು ವರ್ಷಕ್ಕೊಂದ್ಸಲ. ಗಾಳಿ ಬರೋದು ದಿನಾ. ಬಾಗ್ಲು ಯಾರ್ಗೋಸ್ಕರ ಇಡ್ಬೇಕು ಅಂತ ನೀನೇ ಹೇಳು, ಓದಿದವಳು" ಎಂದಳು.

ಅಜ್ಜಿ ಸೂಲಗಿತ್ತಿ. ಈ ಊರಿನ ಅರ್ಧ ಜನ ಅವಳ ಕೈಗೇ ಬಿದ್ದವರಂತೆ. ನಿನ್ನೆ ಅವ್ವನ ಹೊಟ್ಟೆಯನ್ನು ಸುತ್ತಲೂ ಒತ್ತಿ ನೋಡಿದಳು. ಆಮೇಲೆ ನನ್ನನ್ನು ಹೊರಗೆ ಕರೆದು, ಮಗು ಇನ್ನೂ ತಲೆ ಕೆಳಗೆ ಮಾಡಿಲ್ಲ, ಕೂತೇ ಇದೆ, ಇದನ್ನು ಮನೆಯಲ್ಲಿ ಮುಟ್ಟುವ ಧೈರ್ಯ ತನಗಿಲ್ಲ ಎಂದಳು. ಹನ್ನೆರಡನೆಯ ತಾರೀಖು ಗುರುವಾರ ಅಂಗಡಿಯ ಲಾರಿ ಪೇಟೆಗೆ ಇಳಿಯುತ್ತದೆ. ಅದರಲ್ಲಿ ಹೋಗಿ, ಹೆರಿಗೆ ಆಗುವವರೆಗೂ ಆಸ್ಪತ್ರೆಯ ಪಕ್ಕದ ತಾಯಂದಿರ ಮನೆಯಲ್ಲೇ ಉಳಿಯುತ್ತೇವೆ. ಗಂಟು ಕಟ್ಟಿಟ್ಟಿದ್ದೇನೆ. ನೀವು ಚಿಂತೆ ಮಾಡಬೇಡಿ.

ಈ ನಡುಚಳಿಗಾಲದಲ್ಲಿ ಚಳಿಯೇ ಬೇರೆ ಥರದ್ದು ಇಲ್ಲಿ. ಕೊಡದ ನೀರು ಬೆಳಗ್ಗೆ ಕಲ್ಲಾಗಿರುತ್ತದೆ. ಮೇಲಿನ ಹುಲ್ಲುಗಾವಲಿನ ಕುರಿಗಳನ್ನು ಯಾರೂ ಹೊಡೆಯದೆಯೇ ಅವು ತಾವಾಗಿ ಇಳಿದು ಬರುತ್ತಿವೆ. ಮೊಹಾಪಿ ಮಾವ ಅದನ್ನು ನೋಡುತ್ತ ನಿಂತಿದ್ದರು. ಯಾಕೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವರು ದೊಡ್ಡಿಯ ಬಾಗಿಲು ಭದ್ರ ಮಾಡಲು ಹೊರಟುಬಿಟ್ಟರು.

ಅವ್ವ ಬಾಗಿಲು ತೆಗೆದು ದಾರಿ ನೋಡುತ್ತ ಕೂರುತ್ತಾಳೆ. ನಿಮ್ಮ ದಾರಿ ಎಂದು ನಾನು ಅಂದುಕೊಂಡಿದ್ದೆ.

ನಿಮ್ಮ ಮಗಳು
ಸೆಯಿಪಾತಿ


ಹಾ ಫೊಕಾ
9 ಜುಲೈ, ಸೋಮವಾರ

ಅಪ್ಪಾ,

ಇದನ್ನು ಯಾವಾಗ ಕಳಿಸುತ್ತೇನೋ ಗೊತ್ತಿಲ್ಲ. ಮಧ್ಯಾಹ್ನದಿಂದ ಹಿಮ ಬೀಳುತ್ತಿದೆ. ಮೊದಲು ಬೀಸುವ ಕಲ್ಲಿನಿಂದ ಹಿಟ್ಟು ಉದುರುವ ಹಾಗೆ ಸಣ್ಣಗೆ ಶುರುವಾಯಿತು. ಅವ್ವನೂ ನಾನೂ ಬಾಗಿಲಲ್ಲಿ ನಿಂತು ನೋಡಿದೆವು. ಚೆನ್ನಾಗಿತ್ತು. ಆಮೇಲೆ ಗಾಳಿ ಎದ್ದಿತು. ದಾರಿಯ ತಿರುವು ಕಾಣದಾಯಿತು, ಆಮೇಲೆ ದಾರಿ, ಆಮೇಲೆ ನಮ್ಮ ಅಂಗಳದ ಕಲ್ಲು. ಬಾಗಿಲು ಮುಚ್ಚಿಕೊಂಡೆವು.

ನೀರು ತರಲು ಇನ್ನೊಂದು ಸಲ ಹೋಗಬೇಕಿತ್ತು. ಕುಳ್ಳಿನ ರಾಶಿ ಗೋಡೆಯ ಆಚೆಗಿದೆ. ಬೆಳಗಾದ ಮೇಲೆ ತಂದರಾಯಿತು ಎಂದುಕೊಂಡೆ.

ಸೆಯಿಪಾತಿ


10 ಜುಲೈ

ಅಪ್ಪಾ,

ಬಾಗಿಲು ತೆರೆಯುತ್ತಿಲ್ಲ.

ನೂಕಿದೆ. ಹೆಗಲು ಕೊಟ್ಟು ನೂಕಿದೆ. ಅವ್ವ ಬೇಡವೆಂದರೂ ಬಂದು ಬೆನ್ನು ಕೊಟ್ಟಳು. ಹೊರಗೆ ಯಾರೋ ದೊಡ್ಡವರು ಒರಗಿ ಕೂತ ಹಾಗಿದೆ. ಗಾಳಿ ಇಡೀ ಬೆಟ್ಟದ ಹಿಮವನ್ನು ತಂದು ನಮ್ಮ ಬಾಗಿಲಿಗೇ ಪೇರಿಸಿದೆ. ಒಳಕ್ಕೆ ಎಳೆಯಲು ಬರುವ ಬಾಗಿಲಾಗಿದ್ದರೆ ತೆರೆದು, ಹಿಮವನ್ನು ಒಳಗೆ ತೋಡಿಕೊಂಡಾದರೂ ಹೊರಗೆ ಹೋಗಬಹುದಿತ್ತು. ಕಿಟಕಿ ಅರ್ಧದವರೆಗೆ ಬಿಳಿ. ಸರಳಿನ ನಡುವೆ ನನ್ನ ತೋಳು ಹೋಗುತ್ತದೆ, ತಲೆ ಹೋಗುವುದಿಲ್ಲ.

ಒಲೆಗೆ ಸಾಮಾನು ತಂದ ಮರದ ಪೆಟ್ಟಿಗೆಗಳನ್ನು ಹಾಕಿದೆ. ಅವು ಮುಗಿದವು. ಈಗ ರೋಮಾದ ವಿಶ್ವವಿದ್ಯಾಲಯದಿಂದ ತಂದ ಪುಸ್ತಕಗಳು. ಪದ್ಯದವು ಬೇಗ ಉರಿದು ಹೋಗುತ್ತವೆ. ನಿಘಂಟು ಒಳ್ಳೆಯದು, ಅದರಲ್ಲಿ ಅವ್ವನಿಗೆ ಒಂದು ಸಲ ಗಂಜಿ ಕಾಯಿಸಿದೆ. ಸರಳಿನಾಚೆಯಿಂದ ಹಿಮ ತೋಡಿ ಪಾತ್ರೆಗೆ ತುಂಬಿ ಕರಗಿಸುತ್ತೇನೆ. ಒಂದು ಪಾತ್ರೆ ಹಿಮಕ್ಕೆ ಒಂದು ಬೊಗಸೆ ನೀರು.

ಊರಿನ ಕಡೆ ಕೂಗಿದೆ. ನನ್ನ ದನಿ ನಿಮಗೆ ಗೊತ್ತಲ್ಲ. "ಜೋರಾಗಿ ಕೂಗೇ, ನಿನ್ನ ದನಿ ಕಂಬಳೀನೂ ದಾಟಲ್ಲ" ಎಂದು ಅವ್ವ ನಕ್ಕಳು. ಆಮೇಲೆ ತಾನೂ ಕೂಗಿದಳು. ಹಿಮ ಬೀಳುವಾಗ ದನಿ ದೂರ ಹೋಗುವುದಿಲ್ಲ, ಬಾಯಿಯ ಹತ್ತಿರವೇ ಬಿದ್ದುಬಿಡುತ್ತದೆ. ಎಷ್ಟು ನಿಶ್ಶಬ್ದ ಅಂದರೆ ಮಾಡಿನ ತಗಡು ಭಾರಕ್ಕೆ ಒಂದೊಂದೇ ಕಡೆ ಕಿರುಗುಟ್ಟುವುದು ಕೇಳಿಸುತ್ತದೆ. ಪ್ರತಿ ಸಲವೂ ನಾವಿಬ್ಬರೂ ಮೇಲೆ ನೋಡುತ್ತೇವೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಕತ್ತಲಾಗುವ ಮೊದಲು ಅವ್ವ ಗೋಡೆಯ ಕಡೆ ತಿರುಗಿ ಮಲಗಿಕೊಂಡೇ ಹೇಳಿದಳು, "ಬಾಗ್ಲು ದಾರಿಗೇ ಇತ್ತಲ್ಲ ಸೆಯಿಪಾತಿ. ನಿಮ್ಮಪ್ಪನಿಗೆ ಕಾಣ್ಲಿ ಅಂತ. ಅದಕ್ಕೂ ಕಂಡಿರುತ್ತೆ."

ಮಲಗು ಅವ್ವಾ ಎಂದೆ. ಹಳೆಯ ಮನೆಯಲ್ಲೇ ಉಳಿಯಿತು ಎಂದು ಲಾರಿಯಲ್ಲಿ ಹೇಳಿದ್ದು ನಾನೇ.

ಸೆಯಿಪಾತಿ


12 ಜುಲೈ, ಗುರುವಾರ

ಅಪ್ಪಾ,

ಇವತ್ತು ನಾವು ಲಾರಿ ಹತ್ತಬೇಕಿದ್ದ ದಿನ. ಹಿಮ ನಿಂತಿದೆ. ಬಿಸಿಲು ಬಂದಿದೆ. ನೋಡಲಾಗದಷ್ಟು ಬೆಳಕು. ಬಾಗಿಲು ಹಾಗೇ ಇದೆ, ಈಗ ಗಟ್ಟಿಯೂ ಆಗಿದೆ.

ಬೆಳಗ್ಗೆ ಅವ್ವನಿಗೆ ಬೇನೆ ಶುರುವಾಯಿತು. ಇದು ಸುಳ್ಳು ನೋವು ಎಂದು ಒಂದಷ್ಟು ಹೊತ್ತು ಹೇಳಿದಳು. ಆಮೇಲೆ ಹೇಳುವುದನ್ನು ಬಿಟ್ಟಳು. ಮಗು ಕೂತೇ ಇದೆ ಎಂದು ಅಜ್ಜಿ ಹೇಳಿದ್ದು ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಗೊತ್ತಿದೆ. "ಕಾಲು ಮುಂದಾದ್ರೆ ಎಳೀಬೇಡ, ಕಾಯಿ" ಎಂದು ನನಗೆ ಹೇಳಿಕೊಡುತ್ತಿದ್ದಾಳೆ. ನೋವು ಬಿಟ್ಟ ಹೊತ್ತಿನಲ್ಲಿ ಬರೆಯುತ್ತಿದ್ದೇನೆ.

ಅಜ್ಜಿಯ ಮನೆಯ ಹೊಗೆ ಕಾಣುತ್ತದೆ. ಕೂಗಿದರೆ ಕೇಳುವುದಿಲ್ಲ. ಕಿಟಕಿ ತೆರೆದು, ಅವ್ವನ ಕೆಂಪು ತಲೆವಸ್ತ್ರವನ್ನು ಪರದೆಯ ಕೋಲಿಗೆ ಕಟ್ಟಿ ಸರಳಿನಿಂದ ಆಚೆ ಚಾಚಿದ್ದೇನೆ. ಅಷ್ಟು ಬಿಳಿಯ ಮೇಲೆ ಕೆಂಪು ಕಂಡೇ ಕಾಣುತ್ತದೆ ಎಂದುಕೊಂಡೆ.

ಕಟ್ಟಿ ಮುಗಿಸಿದ ಮೇಲೆ ನೆನಪಾಯಿತು. ಕೆಂಪು ಎಂದರೆ ಮಾಂಸ. ಕಷ್ಟಕ್ಕೆ ಇಲ್ಲಿ ಬಾವುಟವೇ ಇಲ್ಲ. ಕೆಳಗಿನಿಂದ ಬಂದವರು ಇಂಥ ದಿನ ಮಾಂಸ ಮಾರುತ್ತಿದ್ದಾರೆ ಎಂದು ಊರವರು ನಗಬಹುದು. ಸೊಂಟದಷ್ಟು ಹಿಮ ದಾಟಿ ಮಾಂಸಕ್ಕೆ ಯಾರು ಬರುತ್ತಾರೆ?

ಮತ್ತೆ ನೋವು ಬಂತು. ನಿಲ್ಲಿಸುತ್ತೇನೆ.

ಅಪ್ಪಾ, ಹೊರಗೆ ಯಾರೋ ಬೈಯುತ್ತಿದ್ದಾರೆ


ಗಣಿ ವಸತಿ, ವೆಲ್ಕಂ
13 ಜುಲೈ

ಸೆಯಿಪಾತಿ,

ಬೆಟ್ಟದಲ್ಲಿ ಭಾರೀ ಹಿಮ, ಕಣಿವೆಯ ದಾರಿ ಮುಚ್ಚಿದೆ ಎಂದು ರೇಡಿಯೋದಲ್ಲಿ ಹೇಳಿದರು. ಊರುಗಳ ಹೆಸರು ಹೇಳಲಿಲ್ಲ. ನಿನ್ನೆ ಗುರುವಾರ. ನೀವು ಆಸ್ಪತ್ರೆಗೆ ಹೋಗಿರುತ್ತೀರಿ. ಬುಧವಾರವೇ ಇಳಿದು ಅಂಗಡಿಯಲ್ಲಿ ಉಳಿದುಕೊಂಡಿರುತ್ತೀರಿ. ಹಾಗೇ ಮಾಡಿರುತ್ತೀರಿ, ನೀನು ಬುದ್ಧಿವಂತೆ.

ಗಣಿಯ ಮೇಲ್ವಿಚಾರಕನ ಹತ್ತಿರ ರಜೆ ಕೇಳಿದೆ. ಹೆಂಡತಿ ಹೆತ್ತರೆ ರಜೆಯಿಲ್ಲ, ಸತ್ತರೆ ಇದೆ ಎಂದ. ತಮಾಷೆಗೆ ಹೇಳಿದ. ರಜೆ ಸಿಕ್ಕರೂ ಬಸ್ಸು ಬೆಟ್ಟದ ಬುಡದ ಬುಥಾ-ಬುಥೆಯಿಂದ ಮುಂದೆ ಹೋಗುತ್ತಿಲ್ಲವಂತೆ.

ಪಾಳಿ ಮುಗಿಸಿ ಮೇಲೆ ಬಂದಾಗಲೆಲ್ಲ ಬಾಗಿಲು ಯಾವ ಕಡೆಗಿದೆ ಎಂಬುದೇ ನೆನಪಾಗುತ್ತದೆ. ಹಿಮ ಯಾವ ಕಡೆಯಿಂದ ಬರುತ್ತದೆ ಎಂದು ಆ ಸೀಮೆಯ ಒಬ್ಬನನ್ನು ಕೇಳಿದೆ. ದಕ್ಷಿಣ ಎಂದ.

ಒಂದು ಸಾಲು ಬರೆ.

ಅಪ್ಪ


ಗಣಿ ವಸತಿ, ವೆಲ್ಕಂ
29 ಜುಲೈ

ಮಗಳೇ,

ನಿನ್ನ ಲಕೋಟೆ ನಿನ್ನೆ ಬಂತು. ಒಳಗೆ ಬಹಳ ಹಾಳೆಗಳಿವೆ. ಎಲ್ಲ ಒದ್ದೆಯಾಗಿ ಒಣಗಿ ಒಂದಕ್ಕೊಂದು ಅಂಟಿವೆ. ಮಸಿ ಕರಗಿ ಹಾಳೆಯೆಲ್ಲ ನೀಲಿ. ಬ್ಲೇಡಿನಿಂದ ಬಿಡಿಸಿದೆ. ಓದಲು ಸಿಕ್ಕಿದ್ದು ಇಷ್ಟು. ಒಂದು ಕಡೆ "ಬಾಗಿಲು ತೆರೆಯುತ್ತಿಲ್ಲ". ಒಂದು ಕಡೆ "ಅದಕ್ಕೂ ಕಂಡಿರುತ್ತೆ". ಒಂದು ಕಡೆ "ಎಳೀಬೇಡ". "ಬೈಯುತ್ತಿದ್ದಾರೆ". ಕೊನೆಯ ಹಾಳೆಯಲ್ಲಿ ಮೇಲೆ "ಅಪ್ಪಾ" ಎಂದಿದೆ, ನಡುವೆ "ಅವ್ವನನ್ನು", ಅದರ ಕೆಳಗೆ ಏನೂ ಇಲ್ಲ.

ಅಷ್ಟು ಅತ್ತು ಬರೆದಿದ್ದೀಯಾ ಮಗಳೇ?

ನಮ್ಮ ಕೋಣೆಯ ಮುದುಕ ರಾಲೆಬಿತ್ಸೊ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಕಣ್ಣೀರಾದರೆ ಹನಿ ಹನಿಯಾಗಿ ಬೀಳುತ್ತದೆ, ಇದು ಮೇಲಿನಿಂದ ಕೆಳಕ್ಕೆ ಸುರಿದ ಹಾಗಿದೆ ಎಂದ. ಬಾಯಿ ಮುಚ್ಚು ಎಂದೆ. ಅವನಿಗೆ ಮಕ್ಕಳಿಲ್ಲ, ಅವನಿಗೇನು ಗೊತ್ತು.

ಆ ಇಬ್ಬರ ಸುದ್ದಿ ತಂದ ಎರಡು ಕಾಗದಗಳು ಒಣಗಿಯೇ ಇದ್ದವು. ಎರಡೂ ಸುದ್ದಿ ಸ್ಪಷ್ಟವಾಗಿ ಓದಿದ್ದೆ. ಇದು ಅದಕ್ಕಿಂತ ಕೆಟ್ಟದ್ದು. ಏನು ಹೋಯಿತು ಎಂದು ಗೊತ್ತಿಲ್ಲದೆ ಅಳುವುದು ಹೇಗೆ? ಒಬ್ಬರಾ, ಇಬ್ಬರಾ? ನಾನು ನೆಲದಡಿ ಇಳಿಯುವಾಗ ಕೈದೀಪ ಮರೆತೆ. ಕತ್ತಲಲ್ಲಿ ಗುಂಡಿಗೆ ಕಾಲಿಟ್ಟವನನ್ನು ಜೊತೆಯವನು ಎಳೆದುಕೊಂಡ, ಇಲ್ಲವಾದರೆ ಈ ಕಾಗದವೂ ಇರುತ್ತಿರಲಿಲ್ಲ.

ಆ ಮನೆಯನ್ನು ನಾನೇ ಕಟ್ಟಿಸಿದ್ದು. ಪೆನ್ಸಿಲ್ಲಿನಲ್ಲಿ ಬರೆ. ಒಂದೇ ಸಾಲು. ಯಾರಿದ್ದಾರೆ ಎಂದು ಮಾತ್ರ ಬರೆ.

ಅಪ್ಪ


ಹಾ ಫೊಕಾ
9 ಆಗಸ್ಟ್

ಅಪ್ಪಾ,

ಎಲ್ಲರೂ ಇದ್ದೇವೆ. ಮೂವರು.

ಇದನ್ನು ಮೊದಲ ಸಾಲಿನಲ್ಲೇ, ಪೆನ್ಸಿಲ್ಲಿನಲ್ಲೇ ಬರೆದಿದ್ದೇನೆ. ಅದು ಕಣ್ಣೀರಲ್ಲ. ನಿಮ್ಮ ಕಾಗದವನ್ನು ಅಂಗಡಿಯ ಮುಂದೆಯೇ ಓದಿ, ಅಲ್ಲೇ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಲಾರಿ ಹೊರಡುವುದರೊಳಗೆ ಎಲ್ಲವನ್ನೂ ಬರೆಯುತ್ತೇನೆ.

ಬೈಯುತ್ತಿದ್ದವರು ಮೊಹಾಪಿ ಮಾವ. ಹಿಮದಲ್ಲಿ ಅವರ ಎರಡು ಕುರಿ ತಪ್ಪಿಸಿಕೊಂಡಿದ್ದವು. ನಮ್ಮ ಕಿಟಕಿಯಲ್ಲಿ ಕೆಂಪು ಕಂಡಿತು. ನಮಗೆ ಕುರಿಯೇ ಇಲ್ಲವೆಂದು ಊರಿಗೆಲ್ಲ ಗೊತ್ತು. ಕೋಲು ಹಿಡಿದು, ಸೊಂಟದಷ್ಟು ಹಿಮದಲ್ಲಿ ದಾರಿ ಮಾಡಿಕೊಂಡು, ಕಳ್ಳರನ್ನು ಹಿಡಿಯಲು ಬಂದಿದ್ದರು. ಮಾಂಸಕ್ಕಾಗಿ ಯಾರೂ ಬರುವುದಿಲ್ಲ ಎಂದುಕೊಂಡಿದ್ದೆನಲ್ಲ, ಸಿಟ್ಟಿಗಾಗಿ ಬರುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ.

"ಏ ಕಿಟಕಿಯವರೇ, ಯಾರ ಕುರಿ ಕಡ್ದಿದ್ದೀರಿ? ಮೂರು ದಿನದಿಂದ ಬಾಗ್ಲು ಹಾಕ್ಕೊಂಡು ಒಳಗೇ ತಿಂತಾ ಇದ್ದೀರಾ?" ಎಂದು ಕೂಗಿದರು. ನಾನು ಸರಳು ಹಿಡಿದು ನಿಂತೆ. ನನ್ನ ಹಿಂದೆ ಅವ್ವ ಕೂಗಿಕೊಂಡಳು. ಅವರು ಕೇಳಿಸಿಕೊಂಡರು. ಅವರ ಮುಖ ಬದಲಾದದ್ದನ್ನು ನಾನು ಮರೆಯಲಾರೆ. ಹಿಂದೆ ತಿರುಗಿ ಊರಿನ ಕಡೆಗೆ ಬೇರೆಯದೇ ದನಿಯಲ್ಲಿ ಕೂಗಿದರು.

ಕೂಗಬೇಕಾದ ಅಗತ್ಯವಿರಲಿಲ್ಲ, ಜನ ಆಗಲೇ ಬರುತ್ತಿದ್ದರು. ಎಲ್ಲರ ಕೈಯಲ್ಲೂ ಮಾಂಸ ತುಂಬಿಸಿಕೊಳ್ಳುವ ಪಾತ್ರೆಗಳು. ಆ ಪಾತ್ರೆಗಳಲ್ಲೇ ಬಾಗಿಲಿನ ಹಿಮ ತೋಡಿದರು. ಒಳಗಿನಿಂದ ನನಗೆ ಕೇಳುತ್ತಿದ್ದದ್ದು ತಟ್ಟೆ ಬೋಗುಣಿಗಳ ಸದ್ದು, ಮದುವೆಮನೆಯ ಅಡುಗೆ ಕಡೆಯಿಂದ ಬರುವಂಥ ಸದ್ದು. ಹಿಮ ಹೋದ ಮೇಲೂ ಬಾಗಿಲು ಬರಲಿಲ್ಲ, ಚೌಕಟ್ಟಿಗೆ ಮಂಜುಗಟ್ಟಿ ಹಿಡಿದಿತ್ತು. ಮೊಹಾಪಿ ಮಾವ ಕೋಲನ್ನು ಸಂದಿಗೆ ತೂರಿಸಿ ಮೀಟಿದರು. ಬಾಗಿಲು ಕೀಲಿನ ಸಮೇತ ಕಿತ್ತು ಬಂತು. ಹಿಂದೆಯೇ ಗಾಳಿ ಬಂತು. ಒಲೆಯಲ್ಲಿದ್ದ ಅಷ್ಟೂ ಬೂದಿ ಮೇಲೆದ್ದಿತು.

ಮಾಥುಸೊ ಅಜ್ಜಿಯನ್ನು ಅವಳ ಅಳಿಯ ಬೆನ್ನ ಮೇಲೆ ಹೊತ್ತು ತಂದ. ಒಳಗೆ ಇಳಿಸಿ ತಲೆ ತಗ್ಗಿಸಿಕೊಂಡೇ ಹೊರಗೆ ಹೋದ. ಹೆರಿಗೆಯ ಮನೆಯೊಳಗೆ ಗಂಡಸರ ಕಣ್ಣು ಬೀಳಬಾರದಲ್ಲ. ಆದರೆ ಬಾಗಿಲಿಲ್ಲ, ಅವ್ವನ ಹಲ್ಲು ಕಟಕಟ ಎನ್ನುತ್ತಿತ್ತು. ಅಜ್ಜಿ ಒಳಗಿನಿಂದಲೇ ಕೂಗಿದಳು, "ಕಟ್ಟಿಗೆ ಥರ ನಿಂತಿದ್ದೀರಲ್ಲ, ಬಾಗ್ಲಾಗ್ರೋ!"

ಅವರು ಬಾಗಿಲಾದರು ಅಪ್ಪಾ. ಮೊಹಾಪಿ ಮಾವ, ಅಜ್ಜಿಯ ಅಳಿಯ, ಇನ್ನೂ ಇಬ್ಬರು ನಮಗೆ ಬೆನ್ನು ಮಾಡಿ, ಹೆಗಲಿಗೆ ಹೆಗಲು ಕೊಟ್ಟು, ಕಂಬಳಿಗಳನ್ನು ಅಗಲವಾಗಿ ಹಿಡಿದು ಚೌಕಟ್ಟಿನಲ್ಲಿ ನಿಂತರು. ಗಾಳಿ ಅವರ ಎದೆಗೆ ಹೊಡೆಯುತ್ತಿತ್ತು. ಒಬ್ಬರೂ ತಿರುಗಲಿಲ್ಲ. ಅವ್ವ ಎಷ್ಟು ಕೂಗಿದರೂ ತಿರುಗಲಿಲ್ಲ.

ಕಾಲೇ ಮುಂದಾಗಿ ಬಂತು. ಅವ್ವ ಹೇಳಿಕೊಟ್ಟದ್ದನ್ನೇ ಅಜ್ಜಿಯೂ ಹೇಳಿದಳು, ಎಳೆಯಬೇಡ, ಕಾಯಿ ಎಂದು. ಕಾದೆವು. ಕಾಯುವುದು ಅಷ್ಟು ದೊಡ್ಡ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ತಲೆ ಬಂದಾಗ ಮಗು ನೀಲಿಯಾಗಿತ್ತು, ಸದ್ದಿಲ್ಲ. ಅವ್ವ ಕಣ್ಣು ಮುಚ್ಚಿಕೊಂಡು, "ನನಗೆ ತೋರಿಸ್ಬೇಡ" ಎಂದಳು. ಅಜ್ಜಿ ಮಗುವನ್ನು ತಲೆಕೆಳಗೆ ಹಿಡಿದು ಉಜ್ಜಿದಳು, ಬಾಯಿಗೆ ಬಾಯಿಟ್ಟು ಹೀರಿ ಉಗಿದಳು, ಮತ್ತೆ ಉಜ್ಜಿದಳು.

ಆಮೇಲೆ ಒಂದು ಸದ್ದು ಬಂತು. ಅಳು ಎನ್ನಲಾಗದ ಸಣ್ಣ ಸದ್ದು, ಕುರಿಮರಿಯದೇ ಥರ. ಮೊಹಾಪಿ ಮಾವ ತಿರುಗದೆಯೇ ಕೇಳಿದರು, "ಅದು ನನ್ನ ಕುರಿ ಅಲ್ಲ ತಾನೆ?"

ಅವ್ವನೇ ಮೊದಲು ನಕ್ಕಿದ್ದು.

ಈಗ ನೀರಿನ ವಿಷಯ. ದಾರಿ ತೆರೆದ ದಿನ ನಿಮಗೆ ಕಳಿಸಲೆಂದು ಹಾಳೆಗಳನ್ನೆಲ್ಲ ಜೋಡಿಸಿದೆ. ಕೊನೆಯ ಹಾಳೆಯಲ್ಲಿ ಹೆರಿಗೆಯ ಕಥೆ ಪೂರ್ತಿ ಇತ್ತು. ಗಂಡೋ ಹೆಣ್ಣೋ ಎಂದು ಬರೆಯುವಷ್ಟರಲ್ಲಿ ಅಜ್ಜಿ ಕೈ ಹಿಡಿದಳು. ಹೆತ್ತ ಸುದ್ದಿಯನ್ನು ತಂದೆಗೆ ಬಾಯಲ್ಲೂ ಹೇಳಬಾರದು, ಮಸಿಯಲ್ಲೂ ಹೇಳಬಾರದು ಎಂದಳು. ಅದು ಚೊಚ್ಚಲಿಗೆ ಮಾತ್ರ ಅಲ್ಲವೇ ಎಂದು ಕೇಳಿದೆ. "ಎರಡು ಹೋದ್ಮೇಲೆ ಉಳಿದದ್ದು ಮತ್ತೆ ಚೊಚ್ಚಲೇ" ಎಂದಳು. ಒಲೆಯ ಮೇಲೆ ಕರಗಿಸಿದ ಹಿಮದ ನೀರಿತ್ತು. ಒಂದು ಸೌಟು ತುಂಬಾ ಎತ್ತಿ ಅಷ್ಟೂ ಹಾಳೆಗಳ ಮೇಲೆ ಸುರಿದಳು. ಮಸಿ ಕರಗುತ್ತದೆ ಅಜ್ಜಿ, ಅಪ್ಪ ಓದುವುದು ಹೇಗೆ ಎಂದೆ. "ಓದೋಕಲ್ಲ ಕಳ್ಸೋದು, ತೋಯ್ಸೋಕೆ" ಎಂದಳು. ಒಲೆಯ ಪಕ್ಕದಲ್ಲಿ ಒಣಗಿಸಿ ಅವಳೇ ಮಡಚಿ ಕೊಟ್ಟಳು. ನೀವು ನೋಡಿದ ಕೂಡಲೇ ನಗುತ್ತೀರಿ ಎಂದು ಅವ್ವನೂ ಹೇಳಿದಳು.

ಅವ್ವ ಎದ್ದು ಕೂರುತ್ತಾಳೆ, ಊಟ ಮಾಡುತ್ತಾಳೆ. ಮುಖಕ್ಕೆ ಬಣ್ಣ ಇನ್ನೂ ಬಂದಿಲ್ಲ. ಮಗು ಮಲಗಿದಾಗ ಅದರ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಇರುತ್ತಾಳೆ. ಹೆಸರು ನಿಮ್ಮಿಂದ ಬರಬೇಕು. ಅಲ್ಲಿಯವರೆಗೆ ಊರವರು ಕುರಿಮರಿ ಎನ್ನುತ್ತಿದ್ದಾರೆ. ಮೊಹಾಪಿ ಮಾವನ ನಿಜವಾದ ಕುರಿಗಳು ಹಿಮ ಕರಗಿದ ಮೇಲೆ ಸಿಕ್ಕವು. ಜೀವ ಇರಲಿಲ್ಲ.

ಬಾಗಿಲಿನ ಜಾಗಕ್ಕೆ ಈಗ ಕಂಬಳಿ ಕಟ್ಟಿದ್ದೇವೆ. ಹೊಸ ಬಾಗಿಲನ್ನು ಯಾವ ಕಡೆ ಇಡಲಿ ಎಂದು ಮೇಸ್ತ್ರಿ ಕೇಳುತ್ತಿದ್ದಾನೆ. ಅಪ್ಪನನ್ನು ಕೇಳಿ ಹೇಳುತ್ತೇವೆ ಎಂದು ಅವ್ವ ಅಂದಿದ್ದಾಳೆ. ಮೇಸ್ತ್ರಿ ಆಕಾಶ ನೋಡಿದ.

ಲಾರಿಯವನು ಕರೆಯುತ್ತಿದ್ದಾನೆ.

ನಿಮ್ಮ ಮಗಳು
ಸೆಯಿಪಾತಿ


ಗಣಿ ವಸತಿ, ವೆಲ್ಕಂ
19 ಆಗಸ್ಟ್

ಮಗಳೇ ಸೆಯಿಪಾತಿ,

ಓದಿದೆ. ಮೊದಲ ಸಾಲು ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡು ಪಾಳಿಗೆ ಇಳಿದೆ. ಉಳಿದದ್ದನ್ನು ಮೇಲೆ ಬಂದು ಓದಿದೆ. ರಾಲೆಬಿತ್ಸೊನಿಗೆ ಕೇಳಿಸುವಂತೆ ಓದಿದ್ದು ತಪ್ಪಾಯಿತು. ನೀರಿನ ವಿಷಯ ಬಂದ ಕೂಡಲೇ ಮುದುಕ ಎದ್ದು ಹೊರಗೆ ಹೋದ. ನಾನು ಹೇಳಲಿಲ್ಲವಾ ಸುರಿದ ಹಾಗಿದೆ ಎಂದು ಜಂಬ ಕೊಚ್ಚಲು ಹೋಗಿದ್ದಾನೆ ಅಂದುಕೊಂಡೆ. ಬಕೆಟ್ಟು ನೀರು ತರಲು ಹೋಗಿದ್ದ, ತಂದು ನನ್ನ ತಲೆಗೇ ಸುರಿದ. ವಸತಿಯ ಹಾಸಿಗೆಗಳೆಲ್ಲ ಒದ್ದೆ. ಕಾವಲಿನವನು ಬಂದು ನೋಡಿ, ಏನು ಸಮಾಚಾರ ಎಂದು ಕೇಳಿ, ಹೋಗಿ ತಾನೂ ಒಂದು ಚೊಂಬು ತಂದ.

ಹೆಸರು ದಿಕೆಲೆದಿ ಎಂದಿಡಿ. ಹಸುಗೂಸಿಗೆ ಕಣ್ಣೀರು ಎಂದು ಯಾಕೆ ಹೆಸರು ಎಂದು ನಿನ್ನ ಅವ್ವ ಬೈಯುತ್ತಾಳೆ. ಅವಳಿಗೆ ಹೇಳು, ಆ ಕಾಗದ ಬಂದ ದಿನದಿಂದ ನಿನ್ನ ಕಾಗದ ಬರುವವರೆಗೆ ನಾನು ಅದರ ಮೇಲೆ ಓದಿದ್ದು ಅದೊಂದನ್ನೇ. ಅಲ್ಲಿ ಇಲ್ಲದಿದ್ದರೂ ಓದಿದೆ. ಅದು ಅವಳ ಹೆಸರಿನಲ್ಲೇ ಇದ್ದುಬಿಡಲಿ, ಬೇರೆಲ್ಲೂ ಬೇಡ. ಇನ್ನು ಆ ಮನೆಯಲ್ಲಿ ಯಾರಾದರೂ ಕಣ್ಣೀರು ಎಂದು ಕೂಗಿದರೆ ಒಂದು ಹುಡುಗಿ ಓಡಿ ಬರಬೇಕು, ಅಷ್ಟೇ.

ಬಾಗಿಲನ್ನು ಎಲ್ಲರ ಬಾಗಿಲಿರುವ ಕಡೆಗೆ ಇಡಿಸು. ಒಳಕ್ಕೆ ತೆರೆಯಲಿ. ಸರಳು ಕೀಳಿಸು. ದಾರಿಯ ಕಡೆಗೆ ಗೋಡೆ ಕಟ್ಟಿಸು.

ಡಿಸೆಂಬರಿನಲ್ಲಿ ಬರುತ್ತೇನೆ. ತಿರುವು ದಾಟಿದರೆ ಈಗ ನನಗೆ ಬರೀ ಗೋಡೆ ಕಾಣುತ್ತದೆ. ಅದರಿಂದ ಒಂದು ಕೆಲಸ ಮಾಡು. ಮೊಹಾಪಿಗೆ ಹೇಳಿ ಒಂದು ಒಳ್ಳೆಯ ಕುರಿ ಕೊಂಡಿಡು, ನಮ್ಮದೇ ಕುರಿ. ನಾನು ಬರುವ ದಿನ ನಿನ್ನ ಅವ್ವನ ಆ ಕೆಂಪು ತಲೆವಸ್ತ್ರವನ್ನು ಮಾಡಿನ ಮೇಲೆ ಎತ್ತರಕ್ಕೆ ಕಟ್ಟು. ಊರು ಪಾತ್ರೆ ಹಿಡಿದು ಬರಲಿ. ನಾನೂ ಅದನ್ನೇ ನೋಡಿಕೊಂಡು ಬರುತ್ತೇನೆ.

ನಿಮ್ಮ ಅಪ್ಪ
ಮೊಲೆಫಿ